ಕಡವೆಯ ಬಾಯಲ್ಲಿ ಚಿಪ್ಸ್ ಪೊಟ್ಟಣ: ಮೃಗಾಲಯದ ಆಡಳಿತಕ್ಕೊಂದು ದೂರು

ಇವರಿಗೆ,
ಕಾರ್ಯನಿರ್ವಾಹಕ ನಿರ್ದೇಶಕರು,
ನಗರದ ಕಿರು ಮೃಗಾಲಯ.

ವಿಷಯ: ಸಂದರ್ಶಕರು ಪ್ರಾಣಿಗಳಿಗೆ ತಿಂಡಿ ಎಸೆಯುವುದನ್ನು ಮತ್ತು ಅವುಗಳನ್ನು ಕೆಣಕುವುದನ್ನು ತಡೆಯದಿರುವ ಬಗ್ಗೆ, ಒಳಗಿನ ತಿಂಡಿ ಮಳಿಗೆಯನ್ನು ಸ್ಥಳಾಂತರಿಸುವ ಬಗ್ಗೆ.

ಮಾನ್ಯರೇ,

ಕಳೆದ ಭಾನುವಾರ ಅತ್ತೆಯವರು, ಪತಿ ಮತ್ತು ಮಕ್ಕಳೊಂದಿಗೆ ತಮ್ಮ ಮೃಗಾಲಯಕ್ಕೆ ಬಂದಿದ್ದೆ. ಟಿಕೆಟ್ ಸರದಿ ಬೇಗ ಸಾಗಿತು, ಶೌಚಾಲಯ ಶುಚಿಯಾಗಿತ್ತು. ವಯಸ್ಸಾದವರು ಕೂರಲು ನೆರಳಿನಲ್ಲಿ ಬೆಂಚುಗಳಿರಲಿಲ್ಲ. ಆದರೆ ಈ ಪತ್ರ ನಮಗಾದ ತೊಂದರೆಗಾಗಿ ಅಲ್ಲ. ನಾವು ಸಂಜೆಗೆ ಮನೆಗೆ ಮರಳುವವರು. ಪಂಜರದೊಳಗಿನ ಜೀವಗಳು ಎಲ್ಲಿಗೂ ಹೋಗಲಾರವು, ಅವುಗಳ ಸಲುವಾಗಿ ಬರೆಯುತ್ತಿದ್ದೇನೆ.

ಕಡವೆಗಳ ಆವರಣದ ಎದುರಿಗೇ ತಾವು ತಿಂಡಿ ಮಳಿಗೆಗೆ ಜಾಗ ಕೊಟ್ಟಿದ್ದೀರಿ. ಚಿಪ್ಸ್, ಬಿಸ್ಕತ್ತು, ಕುರುಕಲು ತಿಂಡಿಯ ಸರಗಳು ಬಾಗಿಲಿನಿಂದಲೇ ತೂಗುತ್ತಿರುತ್ತವೆ. ಕೊಂಡವರು ನಾಲ್ಕು ಹೆಜ್ಜೆ ಇಟ್ಟರೆ ಜಾಲರಿ. ನಾವು ನೋಡುತ್ತಿದ್ದಂತೆಯೇ ಒಬ್ಬರು ಚಿಪ್ಸ್ ಪೊಟ್ಟಣವನ್ನು ಅರ್ಧ ತಿಂದು, ಉಳಿದುದನ್ನು ಪೊಟ್ಟಣದ ಸಮೇತ ಜಾಲರಿಯ ಮೇಲಿಂದ ಎಸೆದರು. ಹೆಣ್ಣು ಕಡವೆಯೊಂದು ಬಂದು ಮೂಸಿತು, ಉಪ್ಪಿನ ರುಚಿಗೆ ನೆಕ್ಕಿತು, ಆಮೇಲೆ ಪೊಟ್ಟಣವನ್ನೇ ಬಾಯಿಗೆ ತೆಗೆದುಕೊಂಡಿತು. ಬೆಳ್ಳಿ ಬಣ್ಣದ ಅಂಚು ತುಟಿಯ ಪಕ್ಕದಿಂದ ಹೊರಚಾಚಿಕೊಂಡಿತ್ತು. ದವಡೆ ಅತ್ತಿತ್ತ ಆಡುತ್ತಿದ್ದ ಹಾಗೆ ಅದು ಸ್ವಲ್ಪ ಸ್ವಲ್ಪವೇ ಒಳಗೆ ಹೋಯಿತು. ಸುತ್ತ ನಿಂತವರು ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಿದ್ದರು. ನನ್ನ ಮಗಳು ಗಾಬರಿಯಿಂದ, "ಅಮ್ಮಾ, ಅದಕ್ಕೆ ಹೊಟ್ಟೆ ನೋಯುವುದಿಲ್ಲವೇ?" ಎಂದು ಕೇಳಿದಳು.

ನೋಯುವುದಷ್ಟೇ ಅಲ್ಲ ಎಂಬುದು ತಮ್ಮ ಪಶುವೈದ್ಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಡವೆ, ಜಿಂಕೆ, ಕೃಷ್ಣಮೃಗಗಳು ದನಗಳ ಹಾಗೆ ಮೆಲುಕು ಹಾಕುವ ಪ್ರಾಣಿಗಳು. ನುಂಗಿದ ಪ್ಲಾಸ್ಟಿಕ್ ಜೀರ್ಣವಾಗದೆ ಅವುಗಳ ಮೊದಲ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಒಂದರ ಮೇಲೊಂದು ಸೇರಿ ಉಂಡೆಗಟ್ಟಿದರೆ ಮೇವಿಗೆ ಜಾಗವೇ ಇರುವುದಿಲ್ಲ. ಹೊಟ್ಟೆ ತುಂಬಿದಂತೆ ಕಾಣುವ ಪ್ರಾಣಿ ಒಳಗೊಳಗೇ ಸೊರಗುತ್ತದೆ. ಬೀದಿ ಹಸುಗಳ ಹೊಟ್ಟೆಯಿಂದ ಕಿಲೋಗಟ್ಟಲೆ ಪ್ಲಾಸ್ಟಿಕ್ ಹೊರತೆಗೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಮರುಗುವ ನಾವು, ಟಿಕೆಟ್ ಕೊಂಡು ನೋಡಲು ಬಂದ ಕಡವೆಗೂ ಅದೇ ಗತಿ ತರುವುದು ಎಂಥ ಅನ್ಯಾಯ!

ನಾನು ಕೂಡಲೇ ಕಾವಲು ಸಿಬ್ಬಂದಿಯನ್ನು ಹುಡುಕಿ ವಿಷಯ ತಿಳಿಸಿದೆ. "ಭಾನುವಾರ ಎಷ್ಟು ಜನಕ್ಕೆಂದು ಹೇಳುವುದು ಮೇಡಂ, ಹೇಳಿದರೆ ನಮ್ಮ ಮೇಲೇ ಜಗಳಕ್ಕೆ ಬರುತ್ತಾರೆ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಅಷ್ಟು ದೊಡ್ಡ ಆವರಣಕ್ಕೆ, ಅಷ್ಟೊಂದು ಜನಸಂದಣಿಗೆ ಅವರೊಬ್ಬರನ್ನೇ ಬಿಟ್ಟವರು ಉತ್ತರ ಕೊಡಬೇಕು. ಪಾಳಿಯ ಕೊನೆಗೆ ಬಂದಿದ್ದ ಆ ಮನುಷ್ಯ ನಿಂತಲ್ಲೇ ದಣಿದಿದ್ದರು. ಆದರೆ ಆ ಕಡವೆಯನ್ನು ವೈದ್ಯರು ನೋಡುವಂತೆ ಮಾಡಿ ಎಂದು ಕೇಳಿಕೊಂಡಾಗ ದೂರು ಪುಸ್ತಕವೂ ಸಿಗಲಿಲ್ಲ, ಕರೆ ಮಾಡಲು ಒಂದು ಸಂಖ್ಯೆಯೂ ಸಿಗಲಿಲ್ಲ. ಇದು ನನ್ನನ್ನು ಹೆಚ್ಚು ನೋಯಿಸಿದೆ.

ಚಿರತೆಯ ಮುಂದೆ ನಡೆದದ್ದೂ ಇದೇ ಜಾತಿಯದು. ಚಿರತೆ ಮುಖ್ಯವಾಗಿ ರಾತ್ರಿ ಸಂಚರಿಸುವ ಪ್ರಾಣಿ, ಹಗಲು ಮಲಗುವುದು ಅದರ ಸ್ವಭಾವ. ಅದನ್ನು ಎಬ್ಬಿಸಲೆಂದು ಯುವಕರ ಗುಂಪೊಂದು ಶಿಳ್ಳೆ ಹಾಕುತ್ತ, ಕಬ್ಬಿಣದ ಕಟಕಟೆಯನ್ನು ಬಡಿಯುತ್ತ ನಿಂತಿತ್ತು. ಯಾರೂ ಕೇಳಲಿಲ್ಲ. ಅದು ಎದ್ದು ಮೂಲೆಗೆ ಸರಿದರೂ ಬಡಿತ ನಿಲ್ಲಲಿಲ್ಲ.

ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನ್ನಲು ಕೊಡುವುದು, ಗದ್ದಲ ಮಾಡಿ ಹಿಂಸಿಸುವುದು, ಕಸ ಎಸೆಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 38-ಜೆ ಕಲಮಿನಡಿ ನಿಷಿದ್ಧ. ಇದು ಶಿಕ್ಷಾರ್ಹ ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ. ತಮ್ಮ ದ್ವಾರದ ಫಲಕದಲ್ಲಿಯೂ ಹಾಗೆಯೇ ಬರೆದಿದೆ. ಬಣ್ಣ ಮಾಸಿದ ಆ ಫಲಕದ ಮುಂದೆ ಟಿಕೆಟ್ ಹರಿದು ಒಳಬಿಡುವವರು ಚೀಲಗಳನ್ನು ತೆರೆದು ನೋಡುವುದಿಲ್ಲ. 1892ರಲ್ಲಿ ಆರಂಭವಾದ ಮೈಸೂರಿನ ಮೃಗಾಲಯಕ್ಕೂ ನಾವು ಹೋಗಿದ್ದೇವೆ. ಅಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಪ್ಲಾಸ್ಟಿಕ್ ಪೊಟ್ಟಣಗಳನ್ನು ಒಳಗೆ ಬಿಡುವುದಿಲ್ಲ. ತಮ್ಮದು ಚಿಕ್ಕ ಮೃಗಾಲಯ, ಒಂದೇ ದ್ವಾರ. ತಪಾಸಣೆ ಇಲ್ಲಿ ಇನ್ನೂ ಸುಲಭವಾಗಬೇಕು.

ತಿಂಡಿ ಮಳಿಗೆಯನ್ನು ಹೊರದ್ವಾರದ ಬಳಿಗೆ ಸಾಗಿಸಬೇಕೆಂಬುದು ನನ್ನ ಮೊದಲ ಕೋರಿಕೆ. ಮಳಿಗೆಯಿಂದ ಬರುವ ಬಾಡಿಗೆ ಬೇಕೆಂದು ಹೇಳಬಹುದು, ಆದರೆ ಪ್ರಾಣಿಯೊಂದರ ಜೀವಕ್ಕಿಂತ ಅದು ದೊಡ್ಡದಲ್ಲ. ಒಳಗೆ ಕುಡಿಯುವ ನೀರಿನ ನಲ್ಲಿಗಳಿದ್ದರೆ ಸಾಕು, ಪ್ಲಾಸ್ಟಿಕ್ ಬಾಟಲಿ ತರುವವರಿಂದ ಠೇವಣಿ ಪಡೆದು, ಮರಳುವಾಗ ಖಾಲಿ ಬಾಟಲಿ ತೋರಿಸಿದರೆ ಹಿಂದಿರುಗಿಸಬಹುದು. ಭಾನುವಾರ ಮತ್ತು ರಜಾದಿನಗಳಲ್ಲಿ ಕಡವೆ, ಕೋತಿ, ಚಿರತೆಗಳ ಮುಂದೆ ಒಬ್ಬೊಬ್ಬ ಕಾವಲುಗಾರರು ಇರಲೇಬೇಕು. ಅವರಿಗೆ ದಂಡ ವಿಧಿಸುವ ಅಧಿಕಾರ ಇಲ್ಲದಿದ್ದರೆ, ಅಧಿಕಾರ ಇರುವವರನ್ನು ಕರೆಸುವ ವ್ಯವಸ್ಥೆಯಾದರೂ ಇರಲಿ. ಕಾಲೇಜು ವಿದ್ಯಾರ್ಥಿಗಳನ್ನು ಸ್ವಯಂಸೇವಕರನ್ನಾಗಿ ತರಬೇತಿಗೊಳಿಸಿದರೆ ಜನ ಅವರ ಮಾತು ಕೇಳುತ್ತಾರೆ. ಕರೆ ಬಂದರೆ ನನ್ನ ಮಗಳ ಕಾಲೇಜಿನಿಂದಲೂ ಬರುವವರಿದ್ದಾರೆ.

ಎಲ್ಲಕ್ಕಿಂತ ತುರ್ತಾದದ್ದು, ಆ ಹೆಣ್ಣು ಕಡವೆಯನ್ನು ಪಶುವೈದ್ಯರು ಪರೀಕ್ಷಿಸಿದರೇ, ಅದು ಮೇವು ತಿನ್ನುತ್ತಿದೆಯೇ ಎಂದು ತಿಳಿಸಬೇಕು. ಎಡಗಿವಿಯ ತುದಿಯಲ್ಲಿ ಸೀಳಿದೆ, ಗುರುತು ಹಿಡಿಯುವುದು ಕಷ್ಟವಲ್ಲ. ಘಟನೆಯ ವಿಡಿಯೊವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಪ್ರಾಣಿ ದತ್ತು ಯೋಜನೆಯಲ್ಲಿ ಒಂದು ಪ್ರಾಣಿಯ ಖರ್ಚನ್ನು ವಹಿಸಿಕೊಳ್ಳುವ ಆಲೋಚನೆ ನಮ್ಮ ಮನೆಯಲ್ಲಿದೆ, ಅದು ಇದೇ ಕಡವೆಯಾಗಿದ್ದರೆ ನಮಗೆ ಸಂತೋಷ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದರೆ ಈ ಪತ್ರದ ಪ್ರತಿಯನ್ನೂ ವಿಡಿಯೊವನ್ನೂ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಕಳುಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಂದರ್ಶಕರೊಬ್ಬರು