ಗ್ರಾಫಿಕ್ಸ್ ಕಾರ್ಡ್: ಮೆಮೊರಿಯ ಬಿಸಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಪುಟದಲ್ಲಿ ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೋ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಬರೆಯುವಾಗ ಎಷ್ಟು ಜಿಬಿ, ಎಷ್ಟು ಬೆಲೆ, ಯಾವ ಗೇಮ್ ಎಷ್ಟು ಸರಾಗ ಎಂಬುದೆಲ್ಲ ಇರುತ್ತದೆ. ಮೆಮೊರಿ ಚಿಪ್ ಎಷ್ಟು ಕಾಯುತ್ತದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಎಸಿ ಇಲ್ಲದ ಕೋಣೆಯಲ್ಲಿ ಕುಳಿತು ಮದುವೆ ವಿಡಿಯೋ, ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ರೆಕಾರ್ಡಿಂಗ್ ಎಡಿಟ್ ಮಾಡುವವರಿಗೆ ಬೇಕಾದದ್ದು ಆ ಸಾಲೇ.

ಕೋಣೆಯ ಬಿಸಿ ಎಷ್ಟು ಡಿಗ್ರಿ ಏರುತ್ತದೋ ಕಾರ್ಡಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 22 ಡಿಗ್ರಿಯ ಕೋಣೆಯಲ್ಲಿ ಪರೀಕ್ಷೆ ಮಾಡಿದಾಗ ಮೆಮೊರಿ 98 ತೋರಿಸಿದ್ದರೆ, ನಮ್ಮ ಮೇ ತಿಂಗಳ ಸೆಕೆಯಲ್ಲಿ 34 ಡಿಗ್ರಿಯ ಕೋಣೆಯಲ್ಲಿ ಅದು 110 ಮುಟ್ಟುತ್ತದೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3080, 3090 ಕಾರ್ಡ್‌ಗಳಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ ಸುಮಾರು 110ಕ್ಕೆ ಬಂದಾಗ ಕಾರ್ಡ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಆಗಲೂ ನಡುವಿನ ಮುಖ್ಯ ಚಿಪ್ 70ರ ಆಸುಪಾಸಿನಲ್ಲೇ ಇರಬಹುದು. ಅದೊಂದನ್ನೇ ನೋಡುವವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ.

ಮುಖ್ಯ ಚಿಪ್ಪಿಗೆ ಬಿಸಿ ದಾಟಿಸುವ ಪೇಸ್ಟ್ ಹಚ್ಚಿ, ಬಿಸಿ ಹೀರಿ ಹೊರಬಿಡುವ ಲೋಹದ ಹೀಟ್‌ಸಿಂಕ್ ಕೂರಿಸಿರುತ್ತಾರೆ. ಸುತ್ತಲಿನ ಮೆಮೊರಿ ಚಿಪ್‌ಗಳ ಬಿಸಿ ಹೊರಗೆ ಹೋಗುವುದು ಮೆತ್ತಗಿನ ಥರ್ಮಲ್ ಪ್ಯಾಡ್ ಮೂಲಕ. ಆ ಪ್ಯಾಡ್ ಮುಖ್ಯ ಹೀಟ್‌ಸಿಂಕಿನ ತಾಮ್ರದ ತಟ್ಟೆಗೇ ತಾಗಿದ್ದರೆ ಒಳ್ಳೆಯದು. ಬೇರೆಯೇ ಒಂದು ತೆಳು ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿದ್ದರೆ ಸಾಧಾರಣ. ಅಗ್ಗದ ಕೆಲವು ಕಾರ್ಡ್‌ಗಳಲ್ಲಿ ಪ್ಯಾಡೇ ಇರುವುದಿಲ್ಲ, ಫ್ಯಾನಿನ ಗಾಳಿಯೇ ಗತಿ. ಅಂಗಡಿಯಲ್ಲಿ ಕಾರ್ಡನ್ನು ಅಡ್ಡ ಹಿಡಿದು ಹೀಟ್‌ಸಿಂಕ್ ಮತ್ತು ಬೋರ್ಡಿನ ನಡುವಿನ ಸಂದಿಗೆ ಮೊಬೈಲ್ ಟಾರ್ಚ್ ಬಿಡಿ: ಕಪ್ಪು ಚಿಪ್ಪಿನ ಮೇಲೆ ಬೂದು ಬಣ್ಣದ ಪಟ್ಟಿ ಅಂಚಿನಿಂದ ಅಂಚಿಗೆ ಕೂತಿದೆಯೇ, ಅರ್ಧಕ್ಕೆ ಸರಿದಿದೆಯೇ ಎಂದು ಬಹಳಷ್ಟು ಕಾರ್ಡ್‌ಗಳಲ್ಲಿ ಕಾಣುತ್ತದೆ. ಹಿಂಬದಿಯ ಬ್ಯಾಕ್‌ಪ್ಲೇಟ್ ಲೋಹದ್ದೇ, ಪ್ಲಾಸ್ಟಿಕ್ಕಿನದೇ ಎಂದೂ ನೋಡಿ. ಆರ್‌ಟಿಎಕ್ಸ್ 3090ರಲ್ಲಿ ಈ ವಿಚಾರ ಇನ್ನೂ ದೊಡ್ಡದು. ಅದರ 24 ಚಿಪ್‌ಗಳಲ್ಲಿ 12 ಹಿಂಬದಿಯಲ್ಲೇ ಇವೆ, ಅಲ್ಲಿಗೆ ಫ್ಯಾನಿನ ಗಾಳಿ ತಲುಪುವುದಿಲ್ಲ. 3090 ಟಿಐಯಲ್ಲಿ 2 ಜಿಬಿಯ 12 ಚಿಪ್‌ಗಳನ್ನು ಮುಂಬದಿಗೇ ತಂದರು. ಎರಡರಲ್ಲಿ ಒಂದು ಸಿಗುವುದಾದರೆ ಮೆಮೊರಿಯ ಮಟ್ಟಿಗೆ ಟಿಐ ವಾಸಿ.

ಹಳೆಯ ಕಾರ್ಡ್ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೇರಿಯಂ ಎಂಬ ಕ್ರಿಪ್ಟೋ ನಾಣ್ಯದ ಮೈನಿಂಗ್ (ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ, ಹಗಲೂ ರಾತ್ರಿ ಮೆಮೊರಿಯನ್ನೇ ದುಡಿಸಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಪ್ಯಾಡ್ ಒಣಗಿ, ಸಿಲಿಕೋನ್ ಎಣ್ಣೆ ಬೋರ್ಡಿನ ಮೇಲೆ ಜಿಡ್ಡಾಗಿ ಹರಡಿದ್ದರೆ ಅದೇ ಗುರುತು. ಹಣ ಕೊಡುವ ಮೊದಲು ಬಿಸಿಯ ಅಂಕಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು 'ಮೆಮೊರಿ ಜಂಕ್ಷನ್' ಉಷ್ಣತೆಯ ಮೇಲೆ ಕಣ್ಣಿಟ್ಟು, ಭಾರದ ಗೇಮನ್ನೋ ರೆಂಡರನ್ನೋ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಸಾಲದು, ಮೆಮೊರಿ ನಿಧಾನವಾಗಿ ಕಾಯುತ್ತದೆ. ಜಿಡಿಡಿಆರ್6ಎಕ್ಸ್ ಕಾರ್ಡ್ 95ರ ಒಳಗೆ ನಿಂತರೆ ನೆಮ್ಮದಿ. 105 ದಾಟಿದರೆ ಪ್ಯಾಡ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಚೌಕಳಿ ಮೂಡಿದರೆ ಆ ಕಾರ್ಡ್ ಬೇಡವೇ ಬೇಡ. ಆರ್‌ಟಿಎಕ್ಸ್ 3060ರಂತಹ ಜಿಡಿಡಿಆರ್6 ಕಾರ್ಡ್‌ಗಳು ಈ ಅಂಕಿ ತೋರಿಸುವುದಿಲ್ಲ. ಅಲ್ಲಿ ಟಾರ್ಚೇ ಸಾಧನ.

ಪ್ಯಾಡ್ ಬದಲಿಸುವವರು ಎಡವುವುದು ದಪ್ಪದಲ್ಲಿ. ಒಂದೇ ಕಾರ್ಡಿನಲ್ಲಿ ಒಂದು ಕಡೆ 1 ಮಿ.ಮೀ., ಇನ್ನೊಂದು ಕಡೆ 2 ಮಿ.ಮೀ. ಇರುವುದುಂಟು. ಅರ್ಧ ಮಿ.ಮೀ. ಹೆಚ್ಚಾದರೂ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್ಪಿಗೆ ಸರಿಯಾಗಿ ಕೂರುವುದಿಲ್ಲ: ಮೆಮೊರಿ ತಣ್ಣಗಾಗಿ ಮುಖ್ಯ ಚಿಪ್ ಕಾಯತೊಡಗುತ್ತದೆ. ಕಡಿಮೆಯಾದರೆ ಪ್ಯಾಡ್ ತಾಗುವುದೇ ಇಲ್ಲ. ಹಳೆಯ ಪ್ಯಾಡಿನಲ್ಲಿ ಚಿಪ್ ಒತ್ತಿದ ನಡುಭಾಗವನ್ನು ಬಿಟ್ಟು, ಒತ್ತಡ ಬೀಳದ ಅಂಚನ್ನು ವರ್ನಿಯರಿನಲ್ಲಿ ಅಳೆಯಿರಿ. ಅಳತೆ ಖಚಿತವಿಲ್ಲದಿದ್ದರೆ ಕಲಸಿದ ಹಿಟ್ಟಿನಂತಿರುವ ಥರ್ಮಲ್ ಪುಟ್ಟಿ ಒಳ್ಳೆಯದು, ಬೇಕಾದಷ್ಟೇ ಹಿಚುಕಿಕೊಂಡು ಕೂರುತ್ತದೆ. ವಾರಂಟಿ ಇರುವ ಕಾರ್ಡಿನ ಸ್ಕ್ರೂ ಬಿಚ್ಚುವ ಮೊದಲು ಷರತ್ತು ಓದಿ.

ಬಿಚ್ಚದೆಯೂ ಬಿಸಿ ಇಳಿಸಬಹುದು. ಎಷ್ಟೋ ಕಾರ್ಡ್‌ಗಳ ಫ್ಯಾನ್ ಮುಖ್ಯ ಚಿಪ್ಪಿನ ಬಿಸಿಯನ್ನಷ್ಟೇ ನೋಡಿ ತಿರುಗುತ್ತದೆ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಫ್ಯಾನನ್ನು ಶೇ. 40ಕ್ಕಿಂತ ಕೆಳಗೆ ಇಳಿಯದಂತೆ ಇಟ್ಟು, ಪವರ್ ಲಿಮಿಟನ್ನು (ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿ) ಶೇ. 80ಕ್ಕೆ ತನ್ನಿ. ಮುರಕಲ್ಲಿನ ಕೆಂಪು ಧೂಳು ಮಳೆಗಾಲದ ತೇವಕ್ಕೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಬ್ರಷ್ ಹಾಕಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ.

ಇನ್ನು ಮುಂದೆ ಕಾರ್ಡಿನ ವಿಮರ್ಶೆ ಪ್ರಕಟಿಸುವಾಗ ಪರೀಕ್ಷೆ ನಡೆದ ಕೋಣೆಯ ಉಷ್ಣತೆ, ಮುಖ್ಯ ಚಿಪ್ಪಿನದು, ಮೆಮೊರಿಯದು ಎಂದು ಮೂರು ಅಂಕಿಗಳನ್ನು ಸೇರಿಸಬೇಕೆಂದು ವಿನಂತಿ.

– ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ