ಬೀಗದ ಕೈ ನಿನ್ನ ಹತ್ತಿರವೇ ಇರಲಿ

ಪ್ರಿಯ ಗೆಳೆಯಾ,

ಊರೆಲ್ಲ ಓದುವ ಕಡೆ ಪತ್ರ ಹಾಕಿದ್ದಾನೆ ಎಂದು ಬೈಯಬೇಡ. ಅಂಚೆಯಲ್ಲಿ ಕಳಿಸಿದ್ದಕ್ಕೆ ನೀನು ಉತ್ತರ ಬರೆದದ್ದು ಯಾವ ಶತಮಾನದಲ್ಲಿ?

ರುಮೇನಿಯಾದ ಬ್ರಾಶೋವ್‌ನಿಂದ ಒಂದು ದಿನದ ಪ್ರವಾಸ ಹೋಗಿದ್ದೆ. ವ್ಯಾನಿನಲ್ಲಿ ಏಳು ಜನ, ಜೊತೆಗೊಬ್ಬ ಗೈಡ್. ರೂಪೇಯಾ ಕೋಟೆ ಹತ್ತುವಷ್ಟರಲ್ಲಿ ಏದುಸಿರು. ಕವಲೇದುರ್ಗದ ಮೆಟ್ಟಿಲ ಮೇಲೆ ನೀನು ಅಂದ ಮಾತು ನೆನಪಾಗಿ ಒಬ್ಬನೇ ನಕ್ಕೆ. ಅದನ್ನಿಲ್ಲಿ ಬರೆಯಲಾರೆ, ಹೆಂಡತಿ ಓದುತ್ತಾಳೆ.

ಬಿಯರ್ತಾನ್‌ನ ಕೋಟೆ-ಚರ್ಚಿನಲ್ಲಿ ಒಂದು ಕೋಣೆಯಿದೆ. ವಿಚ್ಛೇದನ ಕೇಳಿ ಬಂದ ಗಂಡ ಹೆಂಡಿರನ್ನು ಎರಡು ವಾರ ಅಲ್ಲಿ ಕೂಡಿಹಾಕುತ್ತಿದ್ದರಂತೆ. ಒಂದೇ ಮಂಚ, ಒಂದೇ ತಟ್ಟೆ, ಒಂದೇ ಚಮಚ. ಮುನ್ನೂರು ವರ್ಷದಲ್ಲಿ ಬೇರೆಯಾದದ್ದು ಒಂದೇ ಜೋಡಿ ಎಂದು ಗೈಡ್ ಹೇಳಿದ. ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಚಮಚವೂ ಇರಲಿಲ್ಲವಲ್ಲ!

ಕೊನೆಗೆ ವಿಸ್ಕ್ರಿ ಎಂಬ ಹಳ್ಳಿ. ಸ್ಯಾಕ್ಸನ್ನರ ಸಾಲುಮನೆಗಳು, ಮುಂಗೋಡೆಯ ಮೇಲೆ ಇಸವಿ. 12ನೇ ಶತಮಾನದಲ್ಲಿ ಹಂಗೇರಿಯ ದೊರೆ ಎರಡನೇ ಗೇಜಾ ಕರೆದನೆಂದು ಬಂದು ನೆಲೆಸಿದ ಜರ್ಮನ್ ಮಾತಿನ ಜನ ಈ ಸ್ಯಾಕ್ಸನ್ನರು. ಕೋಟೆಯ ಗೋಪುರದಲ್ಲಿ ಪ್ರತಿ ಮನೆಯ ಹಂದಿಮಾಂಸವೂ ಗುರುತಿನ ಮುದ್ರೆಯೊತ್ತಿಸಿಕೊಂಡು ತೂಗುತ್ತಿತ್ತಂತೆ. 1989ರಲ್ಲಿ ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು ಬಿದ್ದದ್ದೇ ತಡ, ಒಂದೆರಡು ವರ್ಷದಲ್ಲಿ ಹೆಚ್ಚಿನವರು ಜರ್ಮನಿಗೆ ಹೊರಟುಹೋದರು. ಎಂಟುನೂರು ವರ್ಷದ ಸಂಸಾರ! ಈಗ ಹಲವು ಮನೆಗಳು ಅತಿಥಿಗೃಹಗಳು.

'ನಿಮಗೂ ಇಂಥ ಹಳೆಯ ಮನೆ ಇದೆಯೇ?' ಎಂದು ಗೈಡ್ ಕೇಳಿದ. 'ಇದೆ, ಹೆಂಚಿನ ಮನೆ, ವರ್ಷಕ್ಕೊಮ್ಮೆ ಹೋಗುತ್ತೇವೆ' ಎಂದುಬಿಟ್ಟೆ. ಅಮ್ಮನ ವರ್ಷಾಂತಿಕ ಮುಗಿಸಿ ಬಂದವನು ನಾಲ್ಕು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ. ವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುವವನು ನೀನು. ಆ ಸ್ಯಾಕ್ಸನ್ನರನ್ನಾದರೂ 1945ರ ಜನವರಿಯಲ್ಲಿ ದುಡಿಮೆಗೆಂದು ಸೋವಿಯತ್ ಒಕ್ಕೂಟಕ್ಕೆ ಸಾಗಿಸಿದ್ದರು, ಆಮೇಲೆ ಅವರದೇ ಸರ್ಕಾರ ತಲೆಗಿಷ್ಟು ಎಂದು ಪಶ್ಚಿಮ ಜರ್ಮನಿಯಿಂದ ಹಣ ಪಡೆದು ಕಳಿಸಿತ್ತು. ನನ್ನನ್ನು ಯಾರೂ ಅಟ್ಟಲಿಲ್ಲ.

ಇನ್ನೊಂದು. ಹೋದ ತಿಂಗಳು ಒಬ್ಬರ ಜೊತೆ ಮನೆಯ ಬೆಲೆ ಮಾತಾಡಿದ್ದೇನೆ. ಹೋಂಸ್ಟೇ ಮಾಡುತ್ತಾರಂತೆ. ಫೋನಿನಲ್ಲಿ ಎರಡು ಸಲ ನಿನಗೆ ಹೇಳಹೊರಟು ಮಳೆಯ ವಿಷಯ ಕೇಳಿ ಇಟ್ಟೆ.

ಇರಲಿ ಬಿಡು. ಮುಂಗಡ ತೆಗೆದುಕೊಂಡಿಲ್ಲ. ವಿಸ್ಕ್ರಿಯ ಅಜ್ಜಿಯೊಬ್ಬರು ಹೆಣೆದ ಉಣ್ಣೆಯ ಕಾಲುಚೀಲ ನಿನಗೆಂದು ತಂದಿದ್ದೇನೆ. ಅಳತೆ ಮರೆತು ದೊಡ್ಡದೇ ಕೊಂಡೆ. ತೋಟಕ್ಕೆ ಹೋಗುವಾಗ ಉಂಬಳ ತಡೆಯಲಾದರೂ ಆದೀತು.

ನಿನ್ನ,
ಎರಡನೇ ಲೋಟದವನು