ಅದು ಬೆವರಲ್ಲ, ಹೊಲಿಗೆಯಿಂದ ಬಂದ ನೀರು: ಮೌಂಟೇನ್ ಬೈಕಿಂಗ್ ಜಾಕೆಟ್ ಬಗ್ಗೆ ದೂರು

ಇಂದ:
ಶಿರಸಿ ತಾಲೂಕಿನ ಒಬ್ಬ ಗ್ರಾಹಕ
(ಹೆಸರು, ವಿಳಾಸ, ಆರ್ಡರ್ ನಂಬರ್ ಜೊತೆಗಿಟ್ಟ ಬಿಲ್‌ನಲ್ಲಿವೆ)

ಗೆ:
ಕುಂದುಕೊರತೆ ಅಧಿಕಾರಿಗಳು,
ಸೈಕಲ್ ಉಡುಪುಗಳ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ನೀರು ಒಳಗೆ ಬರುವ ವಾಟರ್‌ಪ್ರೂಫ್ ಜಾಕೆಟ್‌ನ 7,499 ರೂಪಾಯಿ ವಾಪಸ್ ಕೊಡುವುದು ಮತ್ತು ನಿಮ್ಮ ಪುಟದಲ್ಲಿರುವ ತಪ್ಪು ಮಾಹಿತಿ ತಿದ್ದುವುದು

ಮಾನ್ಯರೇ,

ನಿಮ್ಮ ಕಸ್ಟಮರ್ ಕೇರ್‌ಗೆ ನಾನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬೇರೆ ಬೇರೆಯವರು ಮಾತಾಡಿದರು, ಉತ್ತರ ಮಾತ್ರ ಒಂದೇ: "ಸರ್, ಅದು ಮಳೆ ನೀರಲ್ಲ, ನಿಮ್ಮ ಬೆವರು." ಈ ಒಂದು ಮಾತಿಗೆ ಉತ್ತರ ಕೊಡಲು ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಅಡಿಕೆ ತೋಟದ ಮನೆ. ಸೈಕಲ್ ನನಗೆ ಹವ್ಯಾಸ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಬೆಟ್ಟದ ದಾರಿಯಲ್ಲಿ, ಸೊಪ್ಪು ತರುವ ಗಾಡಿ ರಸ್ತೆಯಲ್ಲಿ ಹೋಗಿ ಬರುತ್ತೇನೆ. ಭಾನುವಾರ ಇನ್ನಿಬ್ಬರು ಸ್ನೇಹಿತರು ಸೇರಿದರೆ ರಾಗಿಹೊಸಳ್ಳಿ ಕಡೆಗೆ, ಮೈಯಲ್ಲಿ ಶಕ್ತಿ ಇದ್ದರೆ ದೇವಿಮನೆ ಘಟ್ಟದವರೆಗೂ ಸವಾರಿ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಮಳೆ ಬಂತೆಂದು ಸೈಕಲ್ ಒಳಗಿಟ್ಟರೆ ನಾಲ್ಕು ತಿಂಗಳು ಅಲ್ಲೇ ಇರಬೇಕು. ಅದಕ್ಕೇ ಜಾಕೆಟ್ ಬೇಕಾಯಿತು.

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ರೇನ್‌ಕೋಟ್ ನನ್ನ ಹತ್ತಿರ ಮೊದಲೇ ಇದೆ. ಅದರೊಳಗೆ ಹನಿ ನೀರು ಬರುವುದಿಲ್ಲ, ನಿಜ. ಆದರೆ ಅದನ್ನು ಹಾಕಿಕೊಂಡು ಏರು ಹತ್ತಿದರೆ ಹತ್ತು ನಿಮಿಷದಲ್ಲಿ ಒಳಗೆ ಕಷಾಯ ಕುದಿಸಿದ ಹಾಗಾಗುತ್ತದೆ. ಮಳೆ ತಡೆಯುವ, ಬೆವರಿನ ಆವಿಯನ್ನು ಹೊರಗೆ ಬಿಡುವ ಬಟ್ಟೆಗೆ ಜನ ಹತ್ತು ಪಟ್ಟು ಜಾಸ್ತಿ ದುಡ್ಡು ಕೊಡುವುದು ಇದಕ್ಕೇ. ನಾನೂ ಕೊಟ್ಟೆ.

ಸುಮ್ನೆ ಚಂದದ ಚಿತ್ರ ನೋಡಿ ಕೊಂಡವನು ನಾನಲ್ಲ. ನಿಮ್ಮ ಪುಟದಲ್ಲಿ ಎರಡು ಅಂಕಿ ಇದ್ದವು. ನೀರು ತಡೆಯುವುದಕ್ಕೆ 10,000 ಮಿಲಿಮೀಟರ್, ಆವಿ ಬಿಡುವುದಕ್ಕೆ 10,000 ಗ್ರಾಂ. ಮೊದಲನೆಯದು ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ಮೇಲೆ ನಿಂತಷ್ಟು ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಎಂದು. ಎರಡನೆಯದು ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಅಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಎಂದು. ಎರಡೂ ಲ್ಯಾಬ್‌ನಲ್ಲಿ ಬಟ್ಟೆಯ ತುಂಡಿಗೆ ಮಾಡುವ ಪರೀಕ್ಷೆ. ಹೊಲಿದು ಮುಗಿಸಿದ ಜಾಕೆಟ್‌ಗೆ ಅಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಕೊಳ್ಳುವ ಮೊದಲು ನಿಮ್ಮ ಚಾಟ್‌ನಲ್ಲಿ ಒಂದು ಪ್ರಶ್ನೆ ಕೇಳಿದೆ.

ಪ್ರಶ್ನೆ ಇಷ್ಟೇ: "ಎಲ್ಲಾ ಹೊಲಿಗೆಗೂ ಒಳಗಿನಿಂದ ಟೇಪ್ ಹಾಕಿದ್ದೀರಾ?"

ಹೊಲಿಗೆ ಅಂದರೆ ಸಾಲಾಗಿ ಸೂಜಿಯ ತೂತು, ಅಲ್ವಾ? ಬಟ್ಟೆ ಎಷ್ಟೇ ಒಳ್ಳೆಯದಿರಲಿ, ನೀರು ತಡೆಯುವ ಅದರೊಳಗಿನ ತೆಳು ಪೊರೆಯನ್ನು ಸೂಜಿ ಚುಚ್ಚಿದ ಮೇಲೆ ಆ ತೂತನ್ನು ಯಾರಾದರೂ ಮುಚ್ಚಲೇಬೇಕು. ಹೊಲಿಗೆಯ ಮೇಲೆ ಒಳಗಡೆಯಿಂದ ಬಿಸಿ ಮಾಡಿ ಟೇಪ್ ಅಂಟಿಸುವುದು ಅದಕ್ಕೇ. ಕೆಲವರು ಎಲ್ಲಾ ಹೊಲಿಗೆಗೂ ಹಾಕುತ್ತಾರೆ. ಕೆಲವರು ಮುಖ್ಯವೆಂದು ತಮಗೆ ತೋಚಿದ ಕಡೆ ಮಾತ್ರ ಹಾಕಿ ಖರ್ಚು ಉಳಿಸುತ್ತಾರೆ. ನಿಮ್ಮವರು ಚಾಟ್‌ನಲ್ಲಿ ಕೊಟ್ಟ ಉತ್ತರ: "ಹೌದು ಸರ್, ಫುಲ್ಲಿ ವಾಟರ್‌ಪ್ರೂಫ್. ಪಶ್ಚಿಮ ಘಟ್ಟದ ಮಳೆಗೆ ಹೇಳಿ ಮಾಡಿಸಿದ್ದು." ಅದರ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ಆ 'ಹೌದು ಸರ್' ನಂಬಿ ದುಡ್ಡು ಕಟ್ಟಿದೆ.

ಜಾಕೆಟ್ ಬಂದ ಐದನೇ ದಿನ ನಮ್ಮ ಸವಾರಿ ಹೊರಟಿತು. ಮನೆಯಿಂದ ಹೊರಡುವಾಗ ಬರೀ ಜಿಟಿಜಿಟಿ. ಮೇಲೆ ಬಿದ್ದ ನೀರು ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳಿ ಹೋಗುತ್ತಿತ್ತು. ನನಗೋ ಖುಷಿಯೋ ಖುಷಿ. ಸ್ನೇಹಿತರಿಗೆ ತೋಳು ಚಾಚಿ ತೋರಿಸಿದ್ದೂ ಆಯಿತು. ಮುಂದೆ ಘಟ್ಟದ ಹತ್ತಿರ ಜೋರು ಮಳೆ ಹಿಡಿಯಿತು. ಅರ್ಧ ಗಂಟೆಯೂ ಆಗಿರಲಿಲ್ಲ, ಎಡ ಭುಜದ ಮೇಲೆ ತಣ್ಣಗಾಯಿತು. ಆಮೇಲೆ ಬಲ ಭುಜ. ಆಮೇಲೆ ಕಂಕುಳಿಂದ ಪಕ್ಕೆಗೆ ನೀರು ಇಳಿಯುವುದು ಸ್ಪಷ್ಟವಾಗಿ ಗೊತ್ತಾಯಿತು. ಬೆವರು ಬೆಚ್ಚಗಿರುತ್ತದೆ ಸ್ವಾಮಿ. ಅದು ಗೆರೆ ಎಳೆದ ಹಾಗೆ ಒಂದೇ ಕಡೆಯಿಂದ ತಣ್ಣಗೆ ಇಳಿಯುವುದಿಲ್ಲ.

ಮನೆಗೆ ಬಂದು ಜಾಕೆಟ್ ತಿರುವಿ ನೋಡಿದೆ. ಟೊಪ್ಪಿಗೆ, ಕುತ್ತಿಗೆ ಮತ್ತು ಮುಂದಿನ ಜಿಪ್‌ನ ಹತ್ತಿರ ಟೇಪ್ ಇದೆ. ಭುಜದಿಂದ ತೋಳಿಗೆ ಹೋಗುವ ಹೊಲಿಗೆಗೆ ಇಲ್ಲ. ಕಂಕುಳಿಂದ ಸೊಂಟಕ್ಕೆ ಬರುವ ಹೊಲಿಗೆಗೂ ಇಲ್ಲ. ಸೈಕಲ್ ಮೇಲೆ ಬಗ್ಗಿ ಕೂತವನಿಗೆ ಮಳೆ ಮೊದಲು ಹೊಡೆಯುವುದೇ ಭುಜಕ್ಕೆ. ಬೆನ್ನಚೀಲದ ಪಟ್ಟಿ ಒತ್ತುವುದೂ ಅಲ್ಲೇ. ಒತ್ತಿದ ಕಡೆ ನೀರು ಇನ್ನೂ ಬೇಗ ಒಳಗೆ ನುಗ್ಗುತ್ತದೆ. ಆ ಹೊಲಿಗೆ ಮುಖ್ಯ ಅಲ್ಲವೆಂದು ತೀರ್ಮಾನ ಮಾಡಿದವರು ಮಳೆಯಲ್ಲಿ ಸೈಕಲ್ ಹೊಡೆದವರಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗಲೇ ನಿಮಗೆ ಫೋನ್ ಮಾಡಿದ್ದು, ಬೆವರಿನ ಪಾಠ ಕೇಳಿದ್ದು. ಸರಿ, ನನ್ನದೇ ತಪ್ಪಿರಬಹುದು, ಪರೀಕ್ಷೆ ಮಾಡೋಣ ಎಂದುಕೊಂಡೆ. ಜಾಕೆಟ್ ಒಣಗಿಸಿ, ಅದರೊಳಗೆ ಹಳೆಯ ಪೇಪರ್‌ಗಳನ್ನು ತೋಳಿನ ತುದಿಯವರೆಗೂ ತುಂಬಿದೆ. ಕುತ್ತಿಗೆಗೂ ಎರಡು ತೋಳಿನ ಬಾಯಿಗೂ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಮಳೆಯಲ್ಲಿ ನಿಲ್ಲಿಸಿದೆ. ದಾರಿಯಲ್ಲಿ ಹೋಗುವವರು ಬೆರ್ಚಪ್ಪ ಎಂದುಕೊಂಡಿರಬೇಕು. 40 ನಿಮಿಷ ಬಿಟ್ಟು ಬಿಚ್ಚಿದರೆ ಎದೆಯ ಭಾಗದ ಪೇಪರ್ ಗರಿಗರಿ ಇದೆ. ಬೆನ್ನಿನ ನಡುವಿನದ್ದೂ ಒಣಗಿಯೇ ಇದೆ. ಎರಡೂ ಭುಜದ ಹತ್ತಿರ ಮಾತ್ರ ಮುದ್ದೆ. ಪಕ್ಕೆಯ ಉದ್ದಕ್ಕೂ ಹೊಲಿಗೆ ಇದ್ದಲ್ಲೇ ಎರಡು ಬೆರಳಿನಷ್ಟು ಅಗಲದ ಒದ್ದೆ ಪಟ್ಟಿ.

ಪೇಪರ್‌ಗೆ ಬೆವರು ಬರುವುದಿಲ್ಲ. ಫೋಟೋ, ವಿಡಿಯೋ ಎರಡೂ ಕಳಿಸಿದ್ದೇನೆ.

ನಿಮ್ಮ ಬಟ್ಟೆಯ ಮೇಲೆ ನನ್ನ ದೂರಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎದೆ ಮತ್ತು ಬೆನ್ನಿನ ಕಡೆ ಬಟ್ಟೆ ಹೇಳಿದಂತೆ ನಡೆದುಕೊಂಡಿದೆ. ಗೋರ್‌ಟೆಕ್ಸ್ ಎಂಬ ದುಬಾರಿ ವಾಟರ್‌ಪ್ರೂಫ್ ಬಟ್ಟೆಯ ಜಾಕೆಟ್‌ನ ಬೆಲೆ ನಾನು ಕೊಟ್ಟಿಲ್ಲ, ಅದರ ಗುಣ ಕೇಳುವುದೂ ಇಲ್ಲ. ಬೆವರೇ ಬರಲಿಲ್ಲ ಎಂದೂ ಹೇಳುತ್ತಿಲ್ಲ. 10,000 ಗ್ರಾಂ ಅಂದರೆ ಒಂದು ಚದರ ಮೀಟರ್‌ಗೆ ಗಂಟೆಗೆ ಸುಮಾರು 417 ಗ್ರಾಂ. ಏರು ಹತ್ತುವವನು ಗಂಟೆಗೆ ಒಂದು ಲೀಟರ್ ಬೆವರುವುದು ಹೊಸದೇನಲ್ಲ. ಅದೂ ಅಲ್ಲದೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಶಿರಸಿಯ ಜುಲೈ ತಿಂಗಳ ಗಾಳಿಯಲ್ಲಿ ಬಚ್ಚಲ ಒಲೆಯ ಮೇಲೆ ಹರವಿದ ಪಂಚೆಯೇ ಎರಡು ದಿನಕ್ಕೆ ಒಣಗುವುದಿಲ್ಲ. ಯಾವ ಕಂಪನಿಯ ಪೊರೆಯಾದರೂ ಇಲ್ಲಿ ಅರ್ಧಕ್ಕರ್ಧ ಸೋಲುತ್ತದೆ. ನನಗೆ ಅದು ಒಪ್ಪಿಗೆ.

ಒಪ್ಪಿಗೆ ಇರುವುದರಿಂದಲೇ ನಾನು ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಹುಡುಕಿದ್ದು. ಇಂಥ ಹವೆಯಲ್ಲಿ ಪೊರೆಗಿಂತ ಜಾಸ್ತಿ ಕೆಲಸ ಮಾಡುವುದು ಆ ಜಿಪ್. ಏರಿನಲ್ಲಿ ತೆರೆದುಕೊಂಡರೆ ಗಾಳಿ ಆಡುತ್ತದೆ, ಇಳಿಯುವಾಗ ಮುಚ್ಚಿಕೊಳ್ಳಬಹುದು. ನಿಮ್ಮ ಪುಟದ ಮೂರನೇ ಚಿತ್ರದಲ್ಲಿ ಆ ಹುಡುಗ ತೋಳು ಎತ್ತಿ ನಿಂತಿದ್ದಾನಲ್ಲ, ಅವನ ಕಂಕುಳಲ್ಲಿ ಉದ್ದನೆಯ ಜಿಪ್ ಕಾಣುತ್ತದೆ. ನನಗೆ ಬಂದ ಜಾಕೆಟ್‌ನಲ್ಲಿ ಆ ಜಿಪ್ ಇಲ್ಲವೇ ಇಲ್ಲ. ಕೇಳಿದರೆ, "ಸರ್, ಚಿತ್ರ ಹೋದ ವರ್ಷದ ಮಾಡೆಲ್‌ದು" ಎಂದರು. ಬೆಲೆ ಮಾತ್ರ ಈ ವರ್ಷದ್ದು.

ಹೆಲ್ಮೆಟ್ ಮೇಲೆ ಟೊಪ್ಪಿ ಬರುತ್ತದೆ, ಆದರೆ ಆಮೇಲೆ ಕುತ್ತಿಗೆ ತಿರುಗುವುದಿಲ್ಲ. ಹಿಂಭಾಗವೂ ಗಿಡ್ಡ. ಹಿಂದಿನ ಚಕ್ರ ಎರಚಿದ ಕೆಂಪು ರಾಡಿ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇವೆರಡನ್ನೂ ನಾನು ದೂರಿನಲ್ಲಿ ಸೇರಿಸುತ್ತಿಲ್ಲ. ಅಂಗಡಿಯಲ್ಲಿ ಹಾಕಿ ನೋಡದೆ ಕೊಂಡಿದ್ದಕ್ಕೆ ಅಷ್ಟು ಅನುಭವಿಸುತ್ತೇನೆ.

ಅಪ್ಪಯ್ಯ ಇದನ್ನೆಲ್ಲಾ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಬಿಲ್ಲಿನ ಮೊತ್ತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮಾ, ಇದಕ್ಕಿಂತ ಕಂಬಳಿ ಕೊಪ್ಪೇನೇ ಅಡ್ಡಿಲ್ಲೆ" ಎಂದರು. ಕಂಬಳಿ ಕೊಪ್ಪೆ ಹಾಕಿಕೊಂಡು ಸೈಕಲ್ ಹೊಡೆಯಲು ಆಗುವುದಿಲ್ಲ ಎಂದು ವಾದ ಮಾಡಬಹುದಿತ್ತು. ಮಾಡಲಿಲ್ಲ. ಒದ್ದೆ ಪೇಪರ್ ಇನ್ನೂ ಕೈಯಲ್ಲೇ ಇತ್ತು.

ಈಗ ವಾಪಸ್ಸಿನ ವಿಚಾರ. ನಿಮ್ಮವರು ಎರಡು ಕಾರಣ ಕೊಟ್ಟು ನಿರಾಕರಿಸಿದ್ದಾರೆ. ಒಂದು, ಬಳಸಿದ ಬಟ್ಟೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಮಳೆಯಲ್ಲಿ ಹಾಕದೆ ಮಳೆ ಜಾಕೆಟ್ ಸೋರುತ್ತದೋ ಇಲ್ಲವೋ ಎಂದು ತಿಳಿಯುವ ದಾರಿ ಇದ್ದರೆ ದಯವಿಟ್ಟು ಹೇಳಿಕೊಡಿ. ಎರಡು, ಏಳು ದಿನದ ಗಡುವು ಮುಗಿದಿದೆ. ನಾನು ಮೊದಲ ಫೋನ್ ಮಾಡಿದ್ದು ಆರನೇ ದಿನ. ಬೆವರು, ಬೆವರು ಎಂದು ಹೇಳಿಸಿಕೊಳ್ಳುತ್ತಾ ಏಳು ದಿನ ದಾಟಿತು.

ಇನ್ನೊಂದು ಸಂಗತಿ. ನಿಮ್ಮ ಪುಟದಲ್ಲಿ ಅಳತೆಯ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಕ್ರಿಟಿಕಲ್ ಸೀಮ್ಸ್ ಟೇಪ್ಡ್' (ಮುಖ್ಯ ಹೊಲಿಗೆಗಳಿಗೆ ಮಾತ್ರ ಟೇಪ್) ಎಂದು ಬರೆದಿರುವುದನ್ನು ಆಮೇಲೆ ನೋಡಿದೆ. ಅಂದರೆ ಎಲ್ಲಾ ಹೊಲಿಗೆಗೂ ಟೇಪ್ ಇಲ್ಲವೆಂದು ನಿಮಗೆ ಗೊತ್ತಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ಫುಲ್ಲಿ ವಾಟರ್‌ಪ್ರೂಫ್, ಕೆಳಗೆ ಸಣ್ಣ ಅಕ್ಷರದಲ್ಲಿ ಇದು. ಚಾಟ್‌ನಲ್ಲಿ ಕೇಳಿದವನಿಗೆ 'ಹೌದು ಸರ್'. ಸೋರುವ ಜಾಕೆಟ್‌ಗಿಂತ ನನಗೆ ಜಾಸ್ತಿ ಸಿಟ್ಟು ತರಿಸಿದ್ದು ಇದು. ಟೇಪ್ ಇಲ್ಲ ಎಂದು ನೇರವಾಗಿ ಹೇಳಿದ್ದರೆ ಒಂದೋ ಬೇರೆ ಜಾಕೆಟ್ ಕೊಳ್ಳುತ್ತಿದ್ದೆ, ಇಲ್ಲಾ ಜಿಟಿಜಿಟಿ ಮಳೆಗೆ ಸಾಕೆಂದು ಇದನ್ನೇ ಇಟ್ಟುಕೊಳ್ಳುತ್ತಿದ್ದೆ. ನಿರ್ಧಾರ ನನ್ನದಾಗಿರುತ್ತಿತ್ತು.

ನಾನು ಕೇಳುವುದು ಜಾಸ್ತಿ ಇಲ್ಲ. 7,499 ರೂಪಾಯಿ ಪೂರ್ತಿ ವಾಪಸ್ ಬರಬೇಕು, ಕೂಪನ್ ರೂಪದಲ್ಲಿ ಅಲ್ಲ. ಜಾಕೆಟ್ ಒಯ್ಯುವ ಕೊರಿಯರ್ ಖರ್ಚು ನಿಮ್ಮದು. ಪುಟದಲ್ಲಿ ಹಳೆಯ ಮಾಡೆಲ್‌ನ ಚಿತ್ರ ತೆಗೆದು, ಯಾವ ಹೊಲಿಗೆಗೆ ಟೇಪ್ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ಫೋನ್ ಎತ್ತುವ ಮಕ್ಕಳಿಗೂ ಈ ಜಾಕೆಟ್ ಒಮ್ಮೆ ತಿರುವಿ ತೋರಿಸಿ. ಅವರನ್ನು ಬೈಯುವ ಇಚ್ಛೆ ನನಗಿಲ್ಲ, ಬರೆದುಕೊಟ್ಟಿದ್ದನ್ನು ಓದುತ್ತಾರೆ ಪಾಪ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯವರೆಗೆ ಕಾಯುತ್ತೇನೆ. ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದಾದ ಮೇಲೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ. ನಿಮ್ಮ ಕಚೇರಿ ಯಾವ ಊರಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನನಗೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವುದು ಕಷ್ಟವಲ್ಲ. ನಿಮ್ಮವರು ಅಲ್ಲಿಗೆ ಬರುವುದಾದರೆ ಮಾತ್ರ ಮಳೆಗಾಲ ನೋಡಿಕೊಂಡು ಬರಲಿ, ಬೇರೆ ಕಂಪನಿಯ ಜಾಕೆಟ್ ಹಾಕಿಕೊಂಡು.

ಜಾಕೆಟ್ಟನ್ನು ಲೇಬಲ್‌ನಲ್ಲಿ ಹೇಳಿದ ಹಾಗೆ ತೊಳೆದು, ಒಣಗಿಸಿ, ನೀವು ಕಳಿಸಿದ ಚೀಲದಲ್ಲೇ ಇಟ್ಟಿದ್ದೇನೆ. ಕೊರಿಯರ್‌ನವರನ್ನು ಕಳಿಸುವ ಹಿಂದಿನ ದಿನ ಮೆಸೇಜ್ ಮಾಡಿ. ಹಳ್ಳದ ನೀರು ಏರಿದ ದಿನ ನಮ್ಮ ಮನೆಯ ಸಂಕ ದಾಟಲು ಬರುವುದಿಲ್ಲ, ಆಗ ನಾನೇ ಮೇಲಿನ ರಸ್ತೆಗೆ ತಂದುಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಜೊತೆಗಿಟ್ಟಿರುವುದು: ಬಿಲ್‌ನ ಪ್ರತಿ, ಚಾಟ್ ಸ್ಕ್ರೀನ್‌ಶಾಟ್, ನಿಮ್ಮ ಪುಟದ ಮೂರನೇ ಚಿತ್ರ, ಟೇಪ್ ಇಲ್ಲದ ಹೊಲಿಗೆಗಳ ಫೋಟೋ, ಪೇಪರ್ ಪರೀಕ್ಷೆಯ ವಿಡಿಯೋ.